ತೊಗರಿ ನಾಡಿನಿಂದ ನೇತ್ರಾಣಿ ದ್ವೀಪಕ್ಕೆ

ಭೀಮಾ ನದಿಯದು ಒಂದು ವಿಚಿತ್ರ ಹಟ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ, ಅರಬ್ಬಿ ಕಡಲಿಗೆ ನೂರು ಕಿಲೋಮೀಟರ್ ಕೂಡ ದೂರವಿಲ್ಲದ ಸಹ್ಯಾದ್ರಿಯ ನೆತ್ತಿಯಲ್ಲಿ ಹುಟ್ಟುತ್ತಾಳೆ. ಆದರೆ ಕಡಲಿಗೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಡುತ್ತಾಳೆ. ಅಫಜಲಪುರ ತಾಲ್ಲೂಕನ್ನು ಹಾದು, ಗಾಣಗಾಪುರದ ಬಳಿ ಆಳಂದ ಕಡೆಯಿಂದ ಬರುವ ಅಮರ್ಜೆಯನ್ನು ಸೇರಿಸಿಕೊಂಡು, ಜೇವರ್ಗಿಯ ಮಗ್ಗುಲಲ್ಲಿ ಸಾಗಿ, ಒಟ್ಟು 861 ಕಿಲೋಮೀಟರ್ ನಡೆದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತಾಳೆ. ಆ ನೀರು ಕಡೆಗೆ ಸೇರುವುದು ಬಂಗಾಳ ಕೊಲ್ಲಿಯನ್ನು.

ಅವಳ ದಂಡೆಯ ಮಕ್ಕಳ ಪಾಡೂ ಅಂಥದ್ದೇ. ಪೂರ್ವದ ಕಡಲೂ ದೂರ, ಪಶ್ಚಿಮದ ಕಡಲೂ ದೂರ. ತೊಗರಿ ಹೊಲ, ಜೋಳದ ಹೊಲ, ಕರಿಮಣ್ಣು, ಮಾರ್ಚ್ ಬಂದರೆ ಸಾಕು ನೆತ್ತಿ ಸುಡುವ ಬಿಸಿಲು. ಕಡಲೆಂದರೆ ಪಾಠದ ಪುಸ್ತಕದ ನೀಲಿ ಬಣ್ಣ, ಇಲ್ಲವೇ ಶಾಲಾ ಪ್ರವಾಸದ ಒಂದು ಮಧ್ಯಾಹ್ನ. ವರ್ಷವರ್ಷವೂ ಡಿಸೆಂಬರ್ ಬಂತೆಂದರೆ ಉತ್ತರದ ಜಿಲ್ಲೆಗಳಿಂದ ಸಾಲುಸಾಲು ಬಸ್ಸುಗಳು ಗೋಕರ್ಣ, ಮುರ್ಡೇಶ್ವರದ ದಾರಿ ಹಿಡಿಯುತ್ತವೆ. ಮಕ್ಕಳು 123 ಅಡಿ ಎತ್ತರದ ಶಿವನ ಮೂರ್ತಿಯನ್ನು ಕತ್ತೆತ್ತಿ ನೋಡುತ್ತಾರೆ, ಲಿಫ್ಟಿನಲ್ಲಿ ಗೋಪುರ ಏರುತ್ತಾರೆ, ಅಲೆಗೆ ಕಾಲೊಡ್ಡಿ ಕಿರುಚುತ್ತಾರೆ, ಶಂಖ ಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ. ಕಡಲನ್ನು ನೋಡಿದ್ದಾಯಿತು!

ನೋಡಿದ್ದು ಕಡಲಿನ ಅಂಚನ್ನು ಮಾತ್ರ. ಆ ಗೋಪುರದ ಮೇಲಿನಿಂದ ಆಕಾಶ ತಿಳಿಯಾಗಿದ್ದ ದಿನ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ನೀರಿನ ಮೇಲೆ ಮಸುಕು ನೀಲಿಯ ಗುಡ್ಡವೊಂದು ಕಾಣುತ್ತದೆ. ಅದು ನೇತ್ರಾಣಿ. ಕರ್ನಾಟಕದ ಮಕ್ಕಳು ತಮ್ಮ ರಾಜ್ಯ ಬಿಟ್ಟು ಹೋಗದೆಯೇ ಹವಳ, ಹದ್ದು, ಬಣ್ಣಬಣ್ಣದ ಮೀನುಗಳನ್ನು ಒಂದೇ ದಿನದಲ್ಲಿ ನೋಡಬಹುದಾದ ಜಾಗ.

ಶಹಾಬಾದ ಕಲ್ಲಿನೊಳಗಿನ ಕಡಲು

ಹೊರಡುವ ಮುಂಚೆ ಮನೆಯ ನೆಲವನ್ನೊಮ್ಮೆ ನೋಡಬೇಕು. ಕಲಬುರಗಿ ಸೀಮೆಯ ಮನೆಮನೆಯಲ್ಲೂ ಹಾಸಿರುವ ಶಹಾಬಾದ ಕಲ್ಲು ಬೇರೇನೂ ಅಲ್ಲ, ಒಂದು ಕಾಲದ ಕಡಲಿನ ತಳ. ಭೀಮೆಯ ಈ ಪ್ರದೇಶವನ್ನು ಬಹು ಹಿಂದೆ ಆಳವಿಲ್ಲದ ಸಮುದ್ರ ಆವರಿಸಿತ್ತು. ಅದರ ತಳದಲ್ಲಿ ಪದರಪದರವಾಗಿ ಕುಳಿತ ಸುಣ್ಣದ ಕೆಸರೇ ಗಟ್ಟಿಯಾಗಿ ಸುಣ್ಣಕಲ್ಲಾಯಿತು. ಕಲ್ಲು ಹಲಗೆಯಂತೆ ಸೀಳಿಕೊಂಡು ಬರುವುದು ಆ ಪದರಗಳಿಂದಾಗಿ. ಇದು ಭೂಮಿಯ ಮೇಲೆ ಮೀನುಗಳೇ ಹುಟ್ಟಿರದ ಕಾಲದ ಮಾತು. ಆಳಂದ, ಅಫಜಲಪುರ ಕಡೆ ಆ ಕಡಲಿನ ಗುರುತು ಕಾಣುವುದು ಕಡಿಮೆ. ಅಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಆರಿ ಕರಿಕಲ್ಲಾಗಿ ಕುಳಿತಿದೆ. ಆ ಕಲ್ಲು ಸವೆದದ್ದರಿಂದಲೇ ತೊಗರಿಗೆ ಒಗ್ಗುವ ಕರಿಮಣ್ಣು ಹುಟ್ಟಿತು.

ಅಂದಮೇಲೆ ಬಯಲುಸೀಮೆಯ ಮಗುವಿಗೆ ಕಡಲು ತೀರಾ ಪರಕೀಯವೇನಲ್ಲ. ನೇತ್ರಾಣಿಯ ನೀರಿನೊಳಗೆ ಇವತ್ತಿಗೂ ಸುಣ್ಣದ ಕಲ್ಲು ತಯಾರಾಗುತ್ತಲೇ ಇದೆ. ಅದನ್ನು ಕಟ್ಟುತ್ತಿರುವ ಮೇಸ್ತ್ರಿ ಹವಳದ ಹುಳು.

ಬೋಟು ಬಿಟ್ಟ ಮೇಲೆ

ನೇತ್ರಾಣಿ ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿಗೆ ಸೇರಿದ ದ್ವೀಪ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್. ಬ್ರಿಟಿಷರ ನಕ್ಷೆಗಳಲ್ಲಿ ಇದರ ಹೆಸರು ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳದ ದ್ವೀಪ. ಆಕಾಶದಿಂದ ನೋಡಿದರೆ ಹೃದಯದ ಆಕಾರ.

ಬೋಟುಗಳು ಸಾಮಾನ್ಯವಾಗಿ ಬೆಳಿಗ್ಗೆಯೇ ಹೊರಡುತ್ತವೆ. ಹೊತ್ತೇರಿದಂತೆ ಗಾಳಿ ಏಳುತ್ತದೆ, ಅಲೆ ಎತ್ತರವಾಗುತ್ತದೆ ಎಂಬುದು ಕಾರಣ. ದ್ವೀಪ ಮುಟ್ಟಲು ಒಂದರಿಂದ ಒಂದೂವರೆ ಗಂಟೆ. ಬಸ್ಸಿನಲ್ಲಿ ಎಂದೂ ವಾಂತಿ ಮಾಡದವರೂ ಬೋಟಿನಲ್ಲಿ ಸುಸ್ತಾಗುವುದುಂಟು. ಕಿವಿಯೊಳಗಿನ ಸಮತೋಲದ ಅಂಗ ‘ಅಲ್ಲಾಡುತ್ತಿದ್ದೇವೆ’ ಎನ್ನುತ್ತದೆ, ಬೋಟಿನ ಹಲಗೆ ನೋಡುತ್ತಿರುವ ಕಣ್ಣು ‘ಇಲ್ಲ, ನಿಂತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳದಲ್ಲಿ ಪೆಟ್ಟು ತಿನ್ನುವುದು ಹೊಟ್ಟೆ. ಇದಕ್ಕೆ ಹಳೆಯ ಮದ್ದೆಂದರೆ ದೂರದ ದಿಗಂತವನ್ನು ನೋಡುತ್ತಾ ಕೂರುವುದು. ಆಗ ಕಣ್ಣು, ಕಿವಿ ರಾಜಿಯಾಗುತ್ತವೆ.

ದಿಗಂತ ನೋಡುತ್ತಾ ಕೂತವರಿಗೆ ಲಾಭವೂ ಉಂಟು. ದಡದ ಹತ್ತಿರದ ತಿಳಿ ಆಳದಲ್ಲಿ, ಹೊಳೆಗಳು ಕಡಲು ಸೇರುವ ಅಳಿವೆಗಳ ಆಸುಪಾಸಿನಲ್ಲಿ ಓಡಾಡುವ ಗೂನುಬೆನ್ನಿನ ಡಾಲ್ಫಿನ್ನುಗಳು ಈ ಕರಾವಳಿಯಲ್ಲಿವೆ. ಬೂದು ಬಣ್ಣದ ಬೆನ್ನೊಂದು ಚಕ್ರದಂತೆ ಉರುಳಿ ಮಾಯವಾಗುತ್ತದೆ, ಅಷ್ಟೇ. ಸಿನಿಮಾದ ಹಾಗೆ ಗಾಳಿಯಲ್ಲಿ ಪಲ್ಟಿ ಹೊಡೆಯಲಿ ಎಂದು ಕಾದರೆ ನಿರಾಶೆ ಖಂಡಿತ. ಅದು ಮೇಲೆ ಬರುವುದು ಆಟಕ್ಕಲ್ಲ, ಉಸಿರಿಗೆ. ಡಾಲ್ಫಿನ್ ಮೀನಲ್ಲ, ಹಸು ಎಮ್ಮೆಗಳಂತೆ ಮರಿಗೆ ಹಾಲೂಡುವ ಪ್ರಾಣಿ. ಅದರ ಮೂಗು ನೆತ್ತಿಯ ಮೇಲಿದೆ, ತಲೆ ಪೂರ್ತಿ ಎತ್ತದೆಯೇ ಉಸಿರಾಡಲು ಪ್ರಕೃತಿ ಮಾಡಿಕೊಟ್ಟ ಅನುಕೂಲ ಅದು. ಮನುಷ್ಯ ಬಾಯಿಗೆ ಕೊಳವೆ ಕಚ್ಚಿಕೊಂಡು ಮಾಡುವ ಸ್ನಾರ್ಕ್ಲಿಂಗ್ ಇದರ ಬಡ ನಕಲು!

ಹದ್ದುಗಳ ಗುಡ್ಡ

ಹತ್ತಿರವಾದಂತೆ ದ್ವೀಪ ಮೇಲೇಳುತ್ತದೆ. ಮರಳಿನ ದಂಡೆ ಇಲ್ಲ, ತೆಂಗಿನ ಸಾಲಿಲ್ಲ. ನೀರಿನಿಂದ ನೆಟ್ಟಗೆ ನಿಂತ ಬಂಡೆ, ಅದರ ಮೇಲೆ ದಟ್ಟ ಕಾಡು. ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ, ಬೋಟು ಬಂಡೆಯ ಮರೆಯಲ್ಲಿ ಲಂಗರು ಹಾಕುತ್ತದೆ. ಅದೇ ಒಳ್ಳೆಯದು. ಏಕೆಂದರೆ ಗುಡ್ಡದ ಒಡೆಯರು ಬೇರೆ ಇದ್ದಾರೆ.

ಬಿಳಿ ಹೊಟ್ಟೆಯ ಕಡಲ ಹದ್ದು ನೇತ್ರಾಣಿಯ ಹೆಗ್ಗುರುತು. ತಲೆ, ಎದೆ, ಹೊಟ್ಟೆ ಹಾಲಿನಂತೆ ಬಿಳುಪು, ಬೆನ್ನು ಬೂದಿ ಬಣ್ಣ. ರೆಕ್ಕೆ ಚಾಚಿದರೆ ತುದಿಯಿಂದ ತುದಿಗೆ ಸುಮಾರು ಎರಡು ಮೀಟರ್, ಎಂದರೆ ಮನೆಯ ಬಾಗಿಲಿನ ಎತ್ತರದಷ್ಟು ಅಗಲ. ಮೀನು ಇದರ ಊಟ, ಕಡಲ ಹಾವು ಇದರ ಹಬ್ಬದೂಟ. ಹಾವೂ ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು, ಹದ್ದು ಆ ಕ್ಷಣಕ್ಕೆ ಕಾದಿರುತ್ತದೆ. ದೊಡ್ಡ ಮರಗಳ ತುದಿಯಲ್ಲಿ ಕಡ್ಡಿಗಳನ್ನು ಒಟ್ಟಿ ಗೂಡು ಕಟ್ಟುತ್ತದೆ. ಹಳೆಯ ಗೂಡನ್ನು ಬಿಡದೆ ಪ್ರತಿ ವರ್ಷ ಮತ್ತಷ್ಟು ಕಡ್ಡಿ ಸೇರಿಸುವುದರಿಂದ ಗೂಡು ಕ್ರಮೇಣ ಮೆದೆಯಂತೆ ಬೆಳೆಯುತ್ತದೆ. ಭಾರತದಲ್ಲಿ ಈ ಹದ್ದುಗಳು ಇಷ್ಟು ಒತ್ತೊತ್ತಾಗಿ ಗೂಡು ಕಟ್ಟುವ ಜಾಗಗಳು ಬಹಳ ಕಡಿಮೆ. ಗೂಡಿನ ಮರ ಹೋದರೆ, ಮರಿ ಇರುವಾಗ ಗದ್ದಲವಾದರೆ ಅವು ಎದ್ದು ಹೋಗಬಲ್ಲವು. ಹೋಗಲಿಕ್ಕೆ ಬೇರೆ ದ್ವೀಪ ಎಲ್ಲಿದೆ?

ಇಲ್ಲಿನ ಬಂಡೆಗವಿಗಳ ಕತ್ತಲಿನಲ್ಲಿ ಇನ್ನೊಂದು ಪುಟ್ಟ ಹಕ್ಕಿಯ ಸಂಸಾರವಿದೆ. ಬಾನಾಡಿ ಜಾತಿಯ ಈ ಹಕ್ಕಿ ಗೂಡು ಕಟ್ಟುವುದು ತನ್ನ ಜೊಲ್ಲಿನ ಅಂಟಿನಿಂದ. ಕತ್ತಲ ಗವಿಯಲ್ಲಿ ದಾರಿ ಹುಡುಕಲು ‘ಟಿಕ್ ಟಿಕ್’ ಸದ್ದು ಹೊರಡಿಸಿ, ಬಂಡೆಗೆ ಬಡಿದು ಬರುವ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಬಾವಲಿಯ ವಿದ್ಯೆ ಹಕ್ಕಿಗೂ ಒಲಿದಿರುವ ಅಪರೂಪದ ಉದಾಹರಣೆ.

ಗುಡ್ಡದ ಮೇಲೆ ಮೇಕೆಗಳೂ ಇವೆ. ಅವು ಈಜಿ ಬಂದದ್ದಲ್ಲ, ಮೀನುಗಾರರು ಹರಕೆಗೆ ಬಿಟ್ಟವು. ಬೇರೆ ಬೇರೆ ಮತದ ಮೀನುಗಾರರು ಈ ದ್ವೀಪಕ್ಕೆ ನಡೆದುಕೊಳ್ಳುತ್ತಾರೆ. ಗಾಣಗಾಪುರದ ದತ್ತನಿಗೂ ಆಳಂದದ ಲಾಡ್ಲೆ ಮಶಾಕರಿಗೂ ಹರಕೆ ಹೊರುವ ನಾಡಿನವರಿಗೆ ಇದು ಹೊಸತೆನಿಸಲಾರದು. ಆದರೆ ಮೇಕೆಗೆ ಭಕ್ತಿ ಗೊತ್ತಿಲ್ಲ, ಹಸಿವು ಗೊತ್ತು. ಚಿಗುರಿದ ಸಸಿಯನ್ನು ಅದು ಮೇಯ್ದರೆ ನಾಳೆ ಹದ್ದಿಗೆ ಗೂಡು ಕಟ್ಟಲು ಮರ ಎಲ್ಲಿಂದ ಬರಬೇಕು? ಒಂದು ಸಣ್ಣ ದ್ವೀಪದಲ್ಲಿ ಎಲ್ಲದರ ಲೆಕ್ಕವೂ ಎಲ್ಲದಕ್ಕೂ ತಾಗುತ್ತದೆ.

ಮುಖ ನೀರಿಗಿಟ್ಟಾಗ

ಈಗ ದಿನದ ಮುಖ್ಯ ಪಾಠ. ಬೋಟಿನಲ್ಲಿ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್, ಗಾಜಿನ ಮುಖವಾಡ, ಬಾಯಿಗೆ ಕಚ್ಚುವ ಕೊಳವೆ ಕೊಡುತ್ತಾರೆ. ನೀರಿಗಿಳಿದು, ಬೋರಲಾಗಿ ತೇಲುತ್ತಾ, ಮುಖವನ್ನು ಮಾತ್ರ ನೀರಿನೊಳಗಿಟ್ಟು ನೋಡುವುದು ಸ್ನಾರ್ಕ್ಲಿಂಗ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವ ಸ್ಕೂಬಾ ಬೇರೆಯೇ ವಿದ್ಯೆ, ಅದಕ್ಕೆ ತರಬೇತಿ ಪಡೆದವರ ಕೈಹಿಡಿತ ಬೇಕೇ ಬೇಕು.

ಮುಖವಾಡ ಯಾಕೆ? ನೀರಿನಲ್ಲಿ ಬರಿಗಣ್ಣು ತೆರೆದರೆ ಎಲ್ಲವೂ ಮಸುಕು. ಬೆಳಕನ್ನು ಬಾಗಿಸಿ ಚಿತ್ರ ಮೂಡಿಸುವ ಕೆಲಸದ ದೊಡ್ಡ ಪಾಲು ನಡೆಯುವುದು ಗಾಳಿ ಮತ್ತು ಕಣ್ಣಿನ ಹೊರಪೊರೆ ಕೂಡುವಲ್ಲಿ. ಗಾಳಿಯ ಜಾಗದಲ್ಲಿ ನೀರು ಬಂದರೆ ಆ ಬಾಗು ಹೆಚ್ಚು ಕಡಿಮೆ ಇಲ್ಲವಾಗುತ್ತದೆ. ಮುಖವಾಡ ಕಣ್ಣಿನ ಮುಂದೆ ಗಾಳಿಯನ್ನು ಮರಳಿ ತಂದಿಡುತ್ತದೆ. ಒಂದು ತಮಾಷೆ ಮಾತ್ರ ಉಳಿಯುತ್ತದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ವಕ್ರೀಭವಿಸುವುದರಿಂದ ನಾಲ್ಕು ಅಡಿ ದೂರದ ಮೀನು ಮೂರೇ ಅಡಿಯಲ್ಲಿರುವಂತೆ, ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಸ್ನಾರ್ಕ್ಲಿಂಗ್ ಮಾಡಿ ಬಂದವರು ಹೇಳುವ ಮೀನಿನ ಅಳತೆಯನ್ನು ಸ್ವಲ್ಪ ಕಳೆದು ನಂಬುವುದು ಕ್ಷೇಮ!

ಕೊಳವೆಯನ್ನು ಇನ್ನೂ ಉದ್ದ ಮಾಡಿಕೊಂಡರೆ ಆಳಕ್ಕಿಳಿದೂ ಉಸಿರಾಡಬಹುದಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಆಗದು. ಒಂದು ಮೀಟರ್ ಆಳದಲ್ಲಿ ದೇಹದ ಮೇಲೆ ಅಂಗೈಯಗಲಕ್ಕೆ, ಎಂದರೆ 100 ಚದರ ಸೆಂಟಿಮೀಟರಿಗೆ, 10 ಕಿಲೋ ನೀರಿನ ಭಾರ ಬೀಳುತ್ತದೆ. ಎದೆಗೂಡು ಅಷ್ಟು ಭಾರವನ್ನು ಎತ್ತಿ ಮೇಲಿನ ಗಾಳಿಯನ್ನು ಎಳೆದುಕೊಳ್ಳಲಾರದು. ಉದ್ದ ಕೊಳವೆಯಲ್ಲಿ ಬಿಟ್ಟ ಉಸಿರೇ ನಿಂತು, ಅದನ್ನೇ ಮತ್ತೆ ಸೇವಿಸುವ ಅಪಾಯ ಬೇರೆ. ಕೊಳವೆ ಒಂದು ಮೊಳದಷ್ಟೇ ಇರುವುದು ಅದಕ್ಕೆ.

ಮೊದಲ ಐದು ನಿಮಿಷ ಗಾಬರಿಯದು. ಮೂಗು ಮುಚ್ಚಿದೆ, ಬಾಯಲ್ಲಿ ಉಸಿರಾಡಬೇಕು, ಕಿವಿಯಲ್ಲಿ ತನ್ನದೇ ಉಸಿರಿನ ಬುಸುಗುಟ್ಟುವಿಕೆ. ಉಪ್ಪುನೀರು ಒಂದು ಗುಟುಕು ಒಳಗೆ ಹೋಗುವುದೂ ಇದೆ. ಆಮೇಲೆ ಉಸಿರು ಒಂದು ಲಯಕ್ಕೆ ಬರುತ್ತದೆ. ಆಗ ಕಣ್ಣಿಗೆ ಕೆಲಸ ಶುರು.

ಬಂಡೆಯ ಬುಡದಲ್ಲಿ ಹಳದಿ ಬೆನ್ನಿನ ಮೇಲೆ ಕಪ್ಪು ಪಟ್ಟೆ ಎಳೆದುಕೊಂಡ ಸಾರ್ಜೆಂಟ್ ಮೀನುಗಳ ದಂಡು, ಹೆಸರಿಗೆ ತಕ್ಕಂತೆ ಕವಾಯತು ಮಾಡುತ್ತಿರುತ್ತದೆ. ಜೋಡಿಜೋಡಿಯಾಗಿ ತಿರುಗುವ ಚಿಟ್ಟೆಮೀನು, ಕಲ್ಲು ಕೆರೆಯುವ ಗಿಳಿಮೀನು. ಗಿಳಿಮೀನಿನ ಹಲ್ಲುಗಳು ಕೂಡಿ ಗಿಳಿಯ ಕೊಕ್ಕಿನಂತಾಗಿವೆ. ಅದು ಸುಣ್ಣದ ಕಲ್ಲನ್ನು ಕಡಿದು, ಪಾಚಿಯನ್ನು ಜೀರ್ಣಿಸಿಕೊಂಡು, ಉಳಿದ ಪುಡಿಯನ್ನು ಹಿಂದಿನಿಂದ ಮರಳಾಗಿ ಸುರಿಸುತ್ತದೆ. ಉಷ್ಣವಲಯದ ಎಷ್ಟೋ ಬಿಳಿ ಮರಳಿನ ದಂಡೆಗಳಲ್ಲಿ ಈ ಮೀನಿನ ಪಾಲಿದೆ. ಅದೃಷ್ಟವಿದ್ದರೆ ಕಡಲಾಮೆಯೊಂದು ಆತುರವಿಲ್ಲದೆ ಹಾದು ಹೋದೀತು.

ಹವಳ ಇಲ್ಲಿಯೇ ಯಾಕೆ?

ಹವಳ ನೋಡಲು ಕಲ್ಲು, ಬೆಳೆಯುವ ರೀತಿ ಗಿಡದ್ದು, ಆದರೆ ನಿಜಕ್ಕೂ ಪ್ರಾಣಿ. ಸಾಸಿವೆ, ಕಡಲೆಯಷ್ಟು ಗಾತ್ರದ ಸಾವಿರಾರು ಹುಳುಗಳು ಒಟ್ಟಾಗಿ ತಮ್ಮ ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹುಳುವಿಗೆ ಕೊಡುತ್ತದೆ, ಬಾಡಿಗೆ ಎಂದರೆ ಅದೇ. ಆದ್ದರಿಂದ ಹವಳಕ್ಕೆ ಬೆಚ್ಚನೆಯ ಉಪ್ಪುನೀರಿನ ಜೊತೆಗೆ ತಿಳಿನೀರೂ ಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಮಳೆಗಾಲದಲ್ಲಿ ಹೊತ್ತು ತರುವ ಸಿಹಿನೀರು, ಕೆಂಪು ಮಣ್ಣಿನಿಂದ ಕರಾವಳಿಯ ಅಂಚಿನಲ್ಲಿ ಹವಳಕ್ಕೆ ಉಸಿರುಕಟ್ಟುತ್ತದೆ. ದಡದಿಂದ 19 ಕಿಲೋಮೀಟರ್ ದೂರ ನಿಂತ ನೇತ್ರಾಣಿಗೆ ಆ ರಾಡಿ ಅಷ್ಟಾಗಿ ಮುಟ್ಟದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಹವಳ ಮತ್ತು ಮೀನುಗಳ ಪಟ್ಟಿ ಮಾಡಿ 2008ರಲ್ಲಿ ಪ್ರಕಟಿಸಿದರು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರ 2022ರಲ್ಲಿ ತೆರೆಕಂಡ ಮೇಲೆ ಈ ನೀರೊಳಗಿನ ಲೋಕ ಹಳ್ಳಿಹಳ್ಳಿಯ ಮಕ್ಕಳಿಗೂ ಪರಿಚಯವಾಯಿತು.

ಇಷ್ಟು ಚಿಕ್ಕ ಜಾಗಕ್ಕೆ ಪೆಟ್ಟುಗಳು ಮಾತ್ರ ದೊಡ್ಡವು. ನೌಕಾಪಡೆ ಈ ದ್ವೀಪವನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿಕೊಂಡ ಕಾಲವಿತ್ತು. ಪರಿಸರಾಸಕ್ತರು ಅದನ್ನು ವಿರೋಧಿಸಿದರು, ವಿಷಯ ಹೈಕೋರ್ಟಿನವರೆಗೂ ಹೋಯಿತು. ಬಿಸಿಯಾಗುತ್ತಿರುವ ಕಡಲು ಇನ್ನೊಂದು ಗಂಡಾಂತರ. ನೀರಿನ ಶಾಖ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ಹಾಗೆಯೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚಿಕೊಳ್ಳುತ್ತದೆ. ಬೇಗ ತಂಪಾಗದಿದ್ದರೆ ಹಸಿವಿನಿಂದ ಸಾಯುತ್ತದೆ. ಜಗತ್ತಿನಾದ್ಯಂತ 1998, 2010, 2014ರಿಂದ 2017ರವರೆಗೆ ಹೀಗಾಯಿತು. ನಾಲ್ಕನೆಯ ಬಾರಿ ಆಗುತ್ತಿದೆ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಸಾರಿದರು.

ಪ್ರವಾಸಿಗನ ಪೆಟ್ಟು ಚಿಕ್ಕದು, ಆದರೆ ತಡೆಯಬಹುದಾದದ್ದು. ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ. ಒಂದು ಕಾಲಿನ ತುಳಿತಕ್ಕೆ, ಒಂದು ಲಂಗರಿನ ಏಟಿಗೆ ಹತ್ತಾರು ವರ್ಷದ ದುಡಿಮೆ ಹೋಯಿತು. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಪಟ್ಟಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ಆದ್ದರಿಂದ ಒಂದು ಚೂರು ಹವಳವನ್ನು ನೆನಪಿಗೆಂದು ಜೇಬಿಗಿಳಿಸುವುದು ಸಣ್ಣ ತುಂಟತನವಲ್ಲ, ಅಪರಾಧ.

ಪಾಲಕರಿಗೆ ಒಂದು ಮಾತು

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಅವರೂ ಬಯಲುಸೀಮೆಯ ಮಕ್ಕಳೇ, ಕಡಲಿನ ಪಾಠ ಆಗಿರದವರು. ಆ ಸುದ್ದಿ ಓದಿದ ತಾಯಿತಂದೆಯರು ‘ನಮ್ಮ ಮಕ್ಕಳನ್ನು ಕಡಲಿಗೆ ಕಳಿಸುವುದೇ ಬೇಡ’ ಎಂದರೆ ತಪ್ಪೆನ್ನಲಾಗದು. ಆದರೆ ಕಳಿಸದಿರುವುದರಿಂದ ಮಗು ನೀರನ್ನು ಅರಿಯುವುದಿಲ್ಲ. ಹೆದರಿಕೆಯ ಜಾಗದಲ್ಲಿ ತಿಳಿವಳಿಕೆ ಇಡುವುದು ಒಳಿತು.

ತಿಳಿಯಬೇಕಾದ ಮೊದಲ ಸಂಗತಿ ದಡದ ಸೆಳೆತ. ದಡಕ್ಕೆ ಬಂದ ಅಲೆಗಳ ನೀರು ಮರಳಿ ಹೋಗಲೇಬೇಕು. ಕೆಲವು ಕಡೆ ಅದು ಕಿರಿದಾದ ಓಣಿಯಂತೆ ಒಂದಾಗಿ ವೇಗವಾಗಿ ಒಳಗೆ ಹರಿಯುತ್ತದೆ. ಮೋಸವೆಂದರೆ ಆ ಓಣಿಯಲ್ಲಿ ನೊರೆ ಕಡಿಮೆ, ನೋಡಲು ಶಾಂತ. ಅಲೆ ಕಂಡರೆ ಹೆದರುವ ಮಗು ಅಲ್ಲಿಯೇ ಇಳಿಯುತ್ತದೆ. ಸೆಳೆತಕ್ಕೆ ಸಿಕ್ಕವರು ದಡದ ಕಡೆ ಜಿದ್ದಿಗೆ ಬಿದ್ದು ಈಜಿದರೆ ಸೋಲುತ್ತಾರೆ. ಗಾಬರಿಯಾಗದೆ ತೇಲುತ್ತಾ, ಕೈ ಎತ್ತಿ ಕೂಗುತ್ತಾ, ದಡಕ್ಕೆ ಸಮಾನಾಂತರವಾಗಿ ಸರಿದರೆ ಓಣಿಯಿಂದ ಹೊರಬೀಳಬಹುದು. ಈಜು ಬಾರದವರಿಗೆ ಇರುವುದು ಒಂದೇ ನಿಯಮ: ಜೀವರಕ್ಷಕರಿಲ್ಲದ ಕಡೆ, ಕೆಂಪು ಬಾವುಟ ಇರುವ ಕಡೆ ನೀರಿಗಿಳಿಯಬಾರದು.

ಹಾಗೆ ನೋಡಿದರೆ ಶಾಲೆಯ ಗುಂಪು ಹೇಳುವವರು ಕೇಳುವವರಿಲ್ಲದೆ ದಂಡೆಯಲ್ಲಿ ನೀರಿಗಿಳಿಯುವುದಕ್ಕಿಂತ, ಎಲ್ಲರೂ ಲೈಫ್ ಜಾಕೆಟ್ ತೊಟ್ಟು, ಎಣಿಸಿದ ಮಂದಿ, ಬಲ್ಲವರ ಕಣ್ಣೆದುರು ಬೋಟಿನಿಂದ ಇಳಿಯುವುದು ಹೆಚ್ಚು ಶಿಸ್ತಿನ ಕೆಲಸ. ಆದರೆ ಆ ಶಿಸ್ತು ನಿಜಕ್ಕೂ ಇದೆಯೇ ಎಂದು ನೋಡುವ ಹೊಣೆ ದೊಡ್ಡವರದು.

ಹಿಂದೆ ಈ ಭಾಗದ ಹಳ್ಳಿಗಳಲ್ಲಿ ಬೇಸಿಗೆ ರಜೆ ಎಂದರೆ ಬಾವಿಯ ಈಜು. ಬೆನ್ನಿಗೆ ಬೆಂಡು ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಸೋದರಮಾವನೋ ದೊಡ್ಡಪ್ಪನೋ ಮಕ್ಕಳನ್ನು ನೀರಿಗೆ ಬಿಡುತ್ತಿದ್ದರು. ಬಾವಿಗಳ ಜಾಗಕ್ಕೆ ಬೋರ್‌ವೆಲ್ ಬಂದ ಮೇಲೆ ಆ ಪಾಠಶಾಲೆ ಎಷ್ಟೋ ಊರುಗಳಲ್ಲಿ ಮುಚ್ಚಿತು. ಹೆಣ್ಣುಮಕ್ಕಳಿಗಂತೂ ಅದು ತೆರೆದದ್ದೇ ಕಡಿಮೆ. ಕಡಲಿಗೆ ಹೋಗಲಿ ಬಿಡಲಿ, ಭೀಮೆಯ ದಂಡೆಯ ಮಗುವಿಗೆ ಈಜು ಗೊತ್ತಿರಬೇಕು. ಬ್ಯಾರೇಜಿನ ಹಿಂದೆ ನಿಂತ ನೀರು, ಮರಳು ತೆಗೆದ ಗುಂಡಿ ಇವೆಲ್ಲ ಕಡಲಿಗಿಂತ ಹತ್ತಿರದ ಅಪಾಯಗಳು.

ಹೋಗುವವರಿಗೆ

ಕಾಲ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುವಷ್ಟು ಕಡಲು ಒರಟು. ಮಳೆ ಮುಗಿದ ಅಕ್ಟೋಬರ್ ನಂತರ ಬೋಟುಗಳು ಹೊರಡುತ್ತವೆ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿ. ಹವಾಮಾನ ಕೆಟ್ಟರೆ ಅಂದಿನ ಯಾನ ರದ್ದಾಗುವುದೂ ಉಂಟು, ಒಂದು ದಿನ ಕೈಯಲ್ಲಿರಲಿ.

ದಾರಿ: ಜೇವರ್ಗಿಯಿಂದ ಸಿಂದಗಿ, ವಿಜಯಪುರ, ಹುಬ್ಬಳ್ಳಿ, ಅಂಕೋಲಾ ಮೇಲೆ ಸುಮಾರು 500 ಕಿಲೋಮೀಟರ್. ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಬೆಳಿಗ್ಗೆಯೇ ಬೋಟು ಹತ್ತುವುದು ಬೇಡ. ಒಂದು ರಾತ್ರಿ ನಿದ್ದೆ ಮಾಡಿ ಹೊರಟರೆ ಹೊಟ್ಟೆಯೂ ಸುಮ್ಮನಿರುತ್ತದೆ.

ಕೇಳಬೇಕಾದ ಪ್ರಶ್ನೆಗಳು: ಬೋಟಿಗೆ ಪರವಾನಗಿ ಇದೆಯೇ? ಎಷ್ಟು ಜನರ ಬೋಟು, ಎಷ್ಟು ಜನ ಹತ್ತುತ್ತಿದ್ದಾರೆ? ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯೇ? ನೀರಿನಲ್ಲಿ ಜೊತೆಗಿರುವವರು ಯಾರು? ವಯಸ್ಸಿನ ಮಿತಿ ಏನು? ಅಸ್ತಮಾ, ಅಪಸ್ಮಾರ, ಹೃದಯದ ಅಥವಾ ಕಿವಿಯ ತೊಂದರೆ ಇದ್ದರೆ ಮುಚ್ಚಿಡದೆ ಹೇಳಬೇಕು.

ನೀರಿನಲ್ಲಿ: ಏನನ್ನೂ ಮುಟ್ಟಬಾರದು. ಸಿಂಹಮೀನಿನ ಮುಳ್ಳು ವಿಷದ್ದು, ಹವಳದ ಅಂಚು ಬ್ಲೇಡಿನಂಥದ್ದು. ಮೀನಿಗೆ ಬಿಸ್ಕತ್ತು, ಬ್ರೆಡ್ಡು ಹಾಕಬಾರದು. ಪ್ಲಾಸ್ಟಿಕ್ ಪೊಟ್ಟಣ ಬೋಟಿನಿಂದ ಹಾರದಂತೆ ನೋಡಿಕೊಳ್ಳಬೇಕು.

ನೇತ್ರಾಣಿಯವರೆಗೆ ಹೋಗಲು ಎಲ್ಲರ ಕೈಗೂ ಎಟುಕದು ಎಂಬುದು ನಿಜ. ಆದರೆ ನೀರಿನ ಜೀವಿಗಳನ್ನು ನೋಡುವ ಅಭ್ಯಾಸಕ್ಕೆ ಕಡಲೇ ಬೇಕೆಂದಿಲ್ಲ. ಆಳಂದದವರಿಗೆ ಕೊರಳ್ಳಿಯ ಅಮರ್ಜಾ ಜಲಾಶಯವಿದೆ, ಅಫಜಲಪುರದವರಿಗೆ ಸೊನ್ನ ಬ್ಯಾರೇಜಿನ ಹಿನ್ನೀರಿದೆ, ಜೇವರ್ಗಿಯವರಿಗೆ ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಭೀಮೆಯೇ ಇದ್ದಾಳೆ. ಚಳಿಗಾಲದ ಒಂದು ಬೆಳಗಿನಲ್ಲಿ ದಂಡೆಯ ಮೇಲೆ ಗದ್ದಲ ಮಾಡದೆ ಅರ್ಧ ಗಂಟೆ ಕೂತು, ಕಂಡ ಹಕ್ಕಿಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದರಿಂದ ಶುರು ಮಾಡಬಹುದು. ಹಾಗೆ ಕೂರಲು ಕಲಿತ ಮಗು ಎಂದಾದರೊಂದು ದಿನ ನೇತ್ರಾಣಿಯ ನೀರಿಗೆ ಮುಖವಿಟ್ಟಾಗ, ಉಳಿದವರಿಗಿಂತ ನಾಲ್ಕು ಮೀನು ಹೆಚ್ಚು ನೋಡೀತು.